ಓಡಿಹೋದವರಿಗಾಗಿ ಸತ್ತ ಒಡೆಯ

(ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ. ಓದಿದ ವಾಕ್ಯಭಾಗ: 2 ಸಮುವೇಲ 23:13-17, ರೋಮಾಪುರದವರಿಗೆ 5:6-8)

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ಇವತ್ತಿನ ಸಂದೇಶ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ಮೂರು ತಿಂಗಳ ಹಿಂದೆ ನಮ್ಮ ಸಭೆಯ ಒಬ್ಬ ತಂಗಿ ಕೇಳಿದ ಪ್ರಶ್ನೆ. ಅವಳನ್ನು ಕೇಳಿಯೇ ಹೇಳ್ತಿದ್ದೀನಿ, ಹೆಸರು ಮಾತ್ರ ಹೇಳಲ್ಲ. ಊರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ತುಮಕೂರಲ್ಲಿ ರೂಮು ಮಾಡ್ಕೊಂಡು ಇಂಗ್ಲಿಷ್ ಎಂಎ ಓದ್ತಾಳೆ. ಮನೆಯಲ್ಲಿ ಕರ್ತನನ್ನು ನಂಬಿದವಳು ಅವಳೊಬ್ಬಳೇ.

ಅವಳ ಊರಿನ ಕೆರೆ ಏರಿಯ ಕೆಳಗೆ ಒಂದು ವೀರಗಲ್ಲು ಇದೆ. ವರ್ಷಕ್ಕೊಂದು ದಿನ ಅವಳ ತಾತ ಅದನ್ನು ತೊಳೆದು, ಎಣ್ಣೆ ಸವರಿ, ದೀಪ ಇಡ್ತಾರೆ. ಈ ವರ್ಷ ತಾತನಿಗೆ ಮಂಡಿ ನೋವು. "ನೀನೇ ಹೋಗಿ ಇಟ್ಟು ಬಾರವ್ವ" ಅಂದರು. ಇವಳು, "ತಾತ, ನಾನು ವಿಶ್ವಾಸಿ, ಇಡಲ್ಲ" ಅಂದಳು. ತಾತ ಬೈಯಲಿಲ್ಲ. "ಇಡಬ್ಯಾಡ ಬಿಡು. ಆದ್ರೆ ಅವನು ಊರ ದನ ಉಳಿಸೋಕೆ ಹೋಗಿ ಸತ್ತೋನು ಕಣವ್ವ. ನಿಮ್ಮ ದೇವರ ಹತ್ರ ಅವನಿಗೆ ಒಂದು ಮರ್ಯಾದೆನೂ ಇಲ್ವಾ?" ಅಂತ ಕೇಳಿದರು.

ಅವಳಿಗೆ ಉತ್ತರ ಬರಲಿಲ್ಲ. ಅದೇ ವಾರ ಕಾಲೇಜಿನಲ್ಲಿ 'ಬಿಯೊವುಲ್ಫ್' ಪಾಠ ಶುರುವಾಯ್ತು. ಇಂಗ್ಲಿಷಿನ ಹಳೇ ವೀರಕಾವ್ಯ ಅದು. ಬರೆದ ಕವಿ ಕ್ರೈಸ್ತ, ಕಥೆಯ ವೀರ ಕ್ರೈಸ್ತನಲ್ಲ. ಆರಾಧನೆ ಮುಗಿದ ಮೇಲೆ ನನ್ನ ಹತ್ರ ಬಂದು ಕೇಳಿದಳು: "ಪಾಸ್ಟರ್, ಕ್ರಿಸ್ತನನ್ನು ತಿಳಿಯದೇ ಬೇರೆಯವರಿಗಾಗಿ ಸತ್ತವನನ್ನು ನಾನು ಪ್ರೀತಿಸಬಹುದಾ? ಅವನ ಧೈರ್ಯ ದೇವರ ಮುಂದೆ ಏನೂ ಅಲ್ವಾ?"

ನಾನು ಅವತ್ತು ಅವಸರದಲ್ಲಿ ಏನೋ ಹೇಳಿ ಕಳಿಸಿದೆ. ಅದು ಸರಿಯಾದ ಉತ್ತರ ಆಗಿರಲಿಲ್ಲ. ಅವಳ ಪುಸ್ತಕ ಇಸ್ಕೊಂಡು ಓದಿದೆ. ಒಂದು ಶನಿವಾರ ಅವಳ ಊರಿಗೇ ಹೋಗಿ ಕಲ್ಲು ನೋಡಿದೆ. ತಾತನ ಜೊತೆ ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದೆ. ಆಮೇಲೆ ಸತ್ಯವೇದಕ್ಕೆ ಬಂದೆ. ಈ ದಾರಿಯಲ್ಲೇ ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ.

ಕಲ್ಲು ಏನು ಹೇಳುತ್ತೆ

ನಿಮ್ಮಲ್ಲಿ ತುಂಬಾ ಜನ ವೀರಗಲ್ಲು ನೋಡಿರ್ತೀರಿ, ಓದಿರಲ್ಲ. ಅದನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಯುದ್ಧ. ಒಬ್ಬ ಬಿಲ್ಲೋ ಕತ್ತಿಯೋ ಹಿಡಿದು ನಿಂತಿದ್ದಾನೆ, ಎದುರಿಗೆ ನಾಲ್ಕೈದು ಜನ, ಪಕ್ಕದಲ್ಲಿ ಹಸುಗಳು. ಮಧ್ಯದ ಪಟ್ಟಿಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ. ಸತ್ತವನು ಜೈನನಾಗಿದ್ದರೆ ಅಲ್ಲಿ ಜಿನಬಿಂಬ ಇರುತ್ತೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡು ಇರೋವರೆಗೂ ಇವನ ಹೆಸರು ಇರಲಿ ಅಂತ.

ಅಂದರೆ ಒಂದೇ ಕಲ್ಲಿನಲ್ಲಿ ಶೌರ್ಯವೂ ಇದೆ, ನಂಬಿಕೆಯೂ ಇದೆ. ಗೆದ್ದರೆ ಐಶ್ವರ್ಯ, ಸತ್ತರೆ ಸ್ವರ್ಗ ಅನ್ನೋದು ಆ ಕಾಲದ ಯೋಧನ ಲೆಕ್ಕಾಚಾರ.

ಯಾವುದಕ್ಕೆ ಸಾಯ್ತಿದ್ದರು? ಶತ್ರುಗಳು ದನ ಹೊಡ್ಕೊಂಡು ಹೋದಾಗ ಬಿಡಿಸೋಕೆ ಹೋಗಿ. ಊರಿಗೆ ಬೆಂಕಿ ಇಟ್ಟಾಗ. ಹೆಣ್ಣುಮಕ್ಕಳು ಕೂಗಿಕೊಂಡಾಗ. ಹುಲಿ ಬಂದಾಗ. ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಕುಣಿಗಲ್ಲಿನಿಂದ ಆ ಕಡೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಊರಿದೆ. ಅಲ್ಲಿ ಸಿಕ್ಕಿದ ಹತ್ತನೇ ಶತಮಾನದ ಶಾಸನ ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. 949ರಲ್ಲಿ ತಕ್ಕೋಲದಲ್ಲಿ ಚೋಳರ ಜೊತೆ ಯುದ್ಧ ಆಯ್ತು. ಅಲ್ಲಿ ಚೆನ್ನಾಗಿ ಹೋರಾಡಿದ ಮಣಲೇರನಿಗೆ ಒಡೆಯ "ಏನು ಬೇಕೋ ಕೇಳು" ಅಂದ. ಅವನು ಚಿನ್ನ ಕೇಳಲಿಲ್ಲ, 'ಕಾಳಿ' ಅನ್ನೋ ಬೇಟೆನಾಯಿ ಕೇಳಿದ. ಆ ನಾಯಿ ಒಂದು ದೊಡ್ಡ ಕಾಡುಹಂದಿ ಜೊತೆ ಕಾದಾಡಿತು. ಎರಡೂ ಸತ್ತವು. ನಾಯಿಗೋಸ್ಕರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ಇದನ್ನು ಓದಿ ನಗೋಕೆ ಆಗಲ್ಲ ಪ್ರಿಯರೇ. ತನ್ನ ಜೊತೆ ನಿಂತವರನ್ನು, ಅದು ನಾಯಿಯಾದ್ರೂ ಸರಿ, ಮರೆಯಬಾರದು ಅನ್ನೋ ಒಂದು ಒಳ್ಳೇ ಮನಸ್ಸು ಅಲ್ಲಿದೆ.

ಜೋಳದ ಪಾಳಿ

ಆ ಮನಸ್ಸಿಗೆ ಹಳಗನ್ನಡದಲ್ಲಿ ಒಂದು ಹೆಸರಿದೆ: ಜೋಳದ ಪಾಳಿ. ನಿನ್ನ ಜೋಳ ತಿಂದಿದ್ದೀನಿ, ಅದರ ಋಣ ತೀರಿಸೋದು ನನ್ನ ಧರ್ಮ. ಬೇಕಾದರೆ ಪ್ರಾಣ ಕೊಟ್ಟು ತೀರಿಸ್ತೀನಿ. ಇಷ್ಟೇ ಅದರ ಅರ್ಥ.

ನಾನು ಹುಟ್ಟಿದ್ದು ಕುಣಿಗಲ್ ತಾಲ್ಲೂಕಿನಲ್ಲಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡೋದು ನಿಮಗೆ ಗೊತ್ತು. ಗುಬ್ಬಿ ವೀರಣ್ಣನವರ ಕಂಪನಿ ಆ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದಿತ್ತು ಅಂತ ದೊಡ್ಡವರು ಈಗಲೂ ಹೇಳ್ತಾರೆ. ನಮ್ಮಪ್ಪ ಊರಲ್ಲಿ ಕರ್ಣನ ಪಾರ್ಟು ಮಾಡ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಎದುರಿಗೆ ಕೂತು ತಿಂಗಳುಗಟ್ಟಲೆ ಅಭ್ಯಾಸ. ಕೃಷ್ಣ ಬಂದು, "ನೀನು ಕುಂತಿಯ ಮಗ, ಪಾಂಡವರಿಗೆ ಅಣ್ಣ, ಈ ಕಡೆ ಬಾ" ಅಂತಾನೆ. ಕರ್ಣ ಹೋಗಲ್ಲ. ದುರ್ಯೋಧನ ಸೋಲ್ತಾನೆ, ತಾನೂ ಸಾಯ್ತೀನಿ ಅಂತ ಗೊತ್ತಿದ್ದೂ ಹೋಗಲ್ಲ. ಆ ಸೀನಿನಲ್ಲಿ ನಮ್ಮಪ್ಪನ ಗಂಟಲು ಕಟ್ಟುತ್ತಿತ್ತು. ಮನೆಯಲ್ಲಿ ನಮಗೆ ಕಲಿಸಿದ್ದೂ ಅದನ್ನೇ. ಉಂಡ ಮನೆಯ ಜಂತೆ ಎಣಿಸಬಾರದು.

941ರಲ್ಲಿ ಪಂಪ ತನ್ನ 'ಭಾರತ' ಬರೆದಾಗಲೂ ಹೀಗೇ ಆಯ್ತು. ಅವನು ಅರಿಕೇಸರಿ ರಾಜನ ಆಸ್ಥಾನದ ಕವಿ. ರಾಜನನ್ನೇ ಅರ್ಜುನನ ಜಾಗದಲ್ಲಿ ಇಟ್ಟು ಕಾವ್ಯ ಬರೆದ. ಆದರೂ ಅವನ ಹೃದಯ ಹೋಗಿದ್ದು ಎದುರಾಳಿ ಕರ್ಣನ ಕಡೆಗೆ. ಪಂಪ ಜೈನ. ಅಹಿಂಸೆ ಅವನ ಧರ್ಮ. ಅದೇ ಕವಿ 'ಆದಿಪುರಾಣ'ದಲ್ಲಿ ಬಾಹುಬಲಿಯ ಕಥೆ ಹೇಳ್ತಾನೆ. ಬಾಹುಬಲಿ ಅಣ್ಣನ ಮೇಲೆ ಗೆದ್ದು, ಗೆದ್ದ ಕ್ಷಣದಲ್ಲೇ ಎಲ್ಲ ಬಿಟ್ಟು ತಪಸ್ಸಿಗೆ ಹೋದವನು. ಕುಣಿಗಲ್ ದಾಟಿ ಹಾಸನದ ರಸ್ತೆ ಹಿಡಿದು ಶ್ರವಣಬೆಳಗೊಳಕ್ಕೆ ಹೋದರೆ ಅವನ ದೊಡ್ಡ ವಿಗ್ರಹ ಇದೆಯಲ್ಲ, ಅದನ್ನು ಮಾಡಿಸಿದ ಚಾವುಂಡರಾಯ ಗಂಗರ ಸೇನಾಪತಿ. ಜೀವನಪೂರ್ತಿ ಯುದ್ಧ ಮಾಡಿದವನು, ಯುದ್ಧ ಬಿಟ್ಟವನ ವಿಗ್ರಹ ಮಾಡಿಸಿದ. ಹಾಗಾದರೆ ಗೆಲುವು ಸಾಕಾ, ನಿಷ್ಠೆ ಸಾಕಾ ಅನ್ನೋ ಪ್ರಶ್ನೆ ಈ ಮಣ್ಣಿನಲ್ಲಿ ಮೊದಲಿಂದಲೂ ಇತ್ತು.

ಜೋಳದ ಪಾಳಿ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ಗುಡಿಯ ಆವರಣದಲ್ಲಿ ಒಂದು ಕಂಬ ಇದೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಹೋದ. ಅವನ ದಂಡನಾಯಕ ಕುವರ ಲಕ್ಷ್ಮ, ಒಡೆಯ ಸತ್ತ ಮೇಲೆ ನಾನು ಬದುಕಬಾರದು ಅಂತ ಪ್ರಾಣ ಕೊಟ್ಟ. ಹೆಂಡತಿಯೂ ಕೊಟ್ಟಳು. ಅವನ ಜೊತೆಯವರೂ ಕೊಟ್ಟರು. ಹೀಗೆ ವ್ರತ ತೊಟ್ಟವರನ್ನು 'ಗರುಡ'ರು ಅಂತಿದ್ದರು. ತಮ್ಮ ತಲೆ ತಾವೇ ಕಡಿದುಕೊಳ್ಳೋ ಚಿತ್ರಗಳು ಆ ಕಂಬದ ಮೇಲಿವೆ. ಅದನ್ನು ನೋಡಿ ನನಗೆ ಕಣ್ಣಲ್ಲಿ ನೀರೂ ಬಂತು, ಭಯವೂ ಆಯ್ತು.

ಒಡೆಯನ ಕುದುರೆ ಹತ್ತಿ ಓಡಿದವನು

ಈಗ ಸಮುದ್ರ ದಾಟಿ ಇಂಗ್ಲೆಂಡಿಗೆ ಬನ್ನಿ. 597ರಲ್ಲಿ ಅಗಸ್ಟೀನ್ ಅನ್ನೋ ಸುವಾರ್ತಿಕ ರೋಮಿನಿಂದ ಹೋಗಿ ಅಲ್ಲಿನ ಕೆಂಟ್ ರಾಜ್ಯದಲ್ಲಿ ಕ್ರಿಸ್ತನನ್ನು ಸಾರಿದ. ಆ ಜನ ಆಂಗ್ಲೋ-ಸ್ಯಾಕ್ಸನರು, ಯೋಧರ ಕುಲ. ಅವರ ಜೋಳದ ಪಾಳಿ ನಡೆಯೋದು ಒಡೆಯನ ದೊಡ್ಡ ಹಜಾರದಲ್ಲಿ. ಅಲ್ಲಿ ಊಟ, ಪಾನ, ಉಂಗುರ, ಕುದುರೆ. ಪಡೆದವನು ಯುದ್ಧದಲ್ಲಿ ತೀರಿಸಬೇಕು.

991ರಲ್ಲಿ, ಅಂದರೆ ನಮ್ಮ ರನ್ನ ಕವಿ 'ಅಜಿತಪುರಾಣ' ಬರೆಯೋಕೆ ಎರಡು ವರ್ಷ ಮೊದಲು, ಮಾಲ್ಡನ್ ಅನ್ನೋ ಊರಿನ ಹತ್ರ ಒಂದು ಯುದ್ಧ ಆಯ್ತು. ಅದರ ಮೇಲೆ ಒಂದು ಕಾವ್ಯ ಉಳಿದಿದೆ. ಒಡೆಯ ಬಿರ್ಟ್‌ನೋತ್, ದೇವರಿಗೆ ಭಯಪಡುವ ಮುದುಕ. ಸಮುದ್ರಗಳ್ಳರು ದ್ವೀಪದಲ್ಲಿ ಸಿಕ್ಕಿಕೊಂಡಿದ್ದಾರೆ, ದಾಟೋಕೆ ಇಕ್ಕಟ್ಟಾದ ಒಂದೇ ದಾರಿ. ಇವನು ದೊಡ್ಡಸ್ತಿಕೆಯಿಂದ ಅವರನ್ನು ಈಚೆಗೆ ಬರೋಕೆ ಬಿಟ್ಟ. ಅದು ಅಹಂಕಾರ ಅಂತ ಕವಿಯೇ ಹೇಳ್ತಾನೆ. ಬಿರ್ಟ್‌ನೋತ್ ಬಿದ್ದ. ಸಾಯುವಾಗ ತನ್ನ ಆತ್ಮವನ್ನು ದೇವರಿಗೆ ಒಪ್ಪಿಸಿದ. ಆಗ ಗಾಡ್ರಿಕ್ ಅನ್ನೋನು, ಆ ಒಡೆಯನಿಂದ ಎಷ್ಟೋ ಕುದುರೆ ಬಹುಮಾನ ಪಡೆದವನು, ಒಡೆಯನ ಕುದುರೆಯನ್ನೇ ಹತ್ತಿ ಓಡಿಹೋದ. ದೂರದಿಂದ ನೋಡಿದವರು "ಒಡೆಯನೇ ಓಡ್ತಿದ್ದಾನೆ" ಅಂದುಕೊಂಡರು. ಸೈನ್ಯ ಚದುರಿತು. ಉಳಿದ ಕೆಲವರು ಸತ್ತ ಒಡೆಯನ ಪಕ್ಕದಲ್ಲೇ ಹೋರಾಡಿ ಸತ್ತರು.

ನಾನು ಕುಣಿಗಲ್ಲಿನವನು, ಕುದುರೆ ಫಾರಂನ ಬೇಲಿ ಪಕ್ಕ ನಿಂತು ಕುದುರೆ ನೋಡ್ತಾ ಬೆಳೆದವನು. ಆದರೆ ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರದೇ ಇದ್ದದ್ದಕ್ಕೆ ಕಾರಣ ಬೇರೆ. ಈ ಸಾಕ್ಷಿಯನ್ನು ನಾನು ಈ ವೇದಿಕೆಯ ಮೇಲೆ ಯಾವತ್ತೂ ಪೂರ್ತಿ ಹೇಳಿಲ್ಲ.

ನನಗೆ ಇಪ್ಪತ್ತೆರಡು ವರ್ಷ. ತುಮಕೂರಿಗೆ ಬಂದಿದ್ದೆ. ಕೆಲಸ ಇಲ್ಲ. ಒಬ್ಬ 'ಅಣ್ಣ' ಸಿಕ್ಕಿದರು. ಅಮ್ಮನ ಆಸ್ಪತ್ರೆ ಬಿಲ್ಲು ಕಟ್ಟಿದರು. ಓಡಾಡೋಕೆ ಬೈಕ್ ಕೊಡಿಸಿದರು. ಅವರ ಮನೆಯಲ್ಲಿ ಊಟ, ಅವರ ಕೆಲಸ. ಅಪ್ಪ ಕಲಿಸಿದ ಕರ್ಣ ನನ್ನೊಳಗೆ ಇದ್ದ. ಅಣ್ಣನಿಗೋಸ್ಕರ ಜೀವ ಕೊಡ್ತೀನಿ ಅಂತ ಕುಡಿದಾಗ ಹೇಳ್ತಿದ್ದೆ, ಕುಡಿಯದೇ ಇದ್ದಾಗಲೂ ಹೇಳ್ತಿದ್ದೆ. ಒಂದು ರಾತ್ರಿ ಒಂದು ಸೈಟಿನ ವಿಷಯಕ್ಕೆ ಗಲಾಟೆ. ನಾವು ಐದು ಜನ, ಆ ಕಡೆ ಹದಿನೈದು. ನನ್ನ ಪಕ್ಕದಲ್ಲಿ ನನ್ನ ಗೆಳೆಯ, ಗ್ಯಾರೇಜಿನಲ್ಲಿ ಮೆಕ್ಯಾನಿಕ್. ನನ್ನ ಮೇಲೆ ಬೀಸಿದ ಲಾಂಗಿಗೆ ಅವನು ಕೈ ಅಡ್ಡ ಕೊಟ್ಟ. ಬಲಗೈಯ ಮೂರು ಬೆರಳು ಹೋದವು.

ನಾನು ಏನು ಮಾಡಿದೆ ಗೊತ್ತಾ? ಓಡಿದೆ. ಅಣ್ಣ ಕೊಡಿಸಿದ ಅದೇ ಬೈಕ್ ಹತ್ತಿ ಓಡಿಹೋದೆ.

ಅಣ್ಣ ಆಸ್ಪತ್ರೆಗೆ ಒಂದು ಸಲ ಬಂದು ಹತ್ತು ಸಾವಿರ ಕೊಟ್ಟು ಹೋದರು. ಕೇಸ್ ಆದಾಗ "ಈ ಹುಡುಗರು ಯಾರೋ ನನಗೆ ಗೊತ್ತಿಲ್ಲ" ಅಂದರು. ಆಳು ಒಡೆಯನನ್ನು ಬಿಟ್ಟ, ಒಡೆಯ ಆಳನ್ನು ಬಿಟ್ಟ. ನನ್ನ ಗೆಳೆಯನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಸ್ಪ್ಯಾನರ್ ಹಿಡಿಯೋ ಕೈ ಹೋಯ್ತು, ಕೆಲಸವೂ ಹೋಯ್ತು.

ಕವಿ ಎಲ್ಲಿ ನಿಂತ

ಈಗ ತಂಗಿಯ ಪ್ರಶ್ನೆಗೆ ಬರೋಣ. ಈ ವೀರರನ್ನು ಏನು ಮಾಡೋದು? ಸಾವಿರದ ಇನ್ನೂರು ವರ್ಷದ ಹಿಂದೆಯೇ ಇದಕ್ಕೆ ಎರಡು ಉತ್ತರ ಬಂದಿವೆ.

ಮೊದಲನೆಯದು ಆಲ್ಕ್ವಿನ್ ಅನ್ನೋ ಇಂಗ್ಲಿಷ್ ವಿದ್ವಾಂಸನದು. ದೇವಸೇವಕರು ಊಟದ ಹೊತ್ತಿನಲ್ಲಿ ದೇವರ ವಾಕ್ಯ ಕೇಳೋದು ಬಿಟ್ಟು ಹಳೇ ವೀರರ ಹಾಡು ಕೇಳ್ತಾರೆ ಅಂತ ಅವನು 797ರಲ್ಲಿ ಒಂದು ಪತ್ರ ಬರೆದು ಗದರಿಸಿದ. ಇಂಗೆಲ್ಡ್ ಅನ್ನೋ ಹಳೇ ವೀರನಿಗೂ ಕ್ರಿಸ್ತನಿಗೂ ಏನು ಸಂಬಂಧ ಅನ್ನೋದು ಅವನ ಪ್ರಶ್ನೆ. ಮನೆ ಚಿಕ್ಕದು, ಇಬ್ಬರಿಗೆ ಜಾಗ ಇಲ್ಲ ಅಂತ.

ಎರಡನೆಯದು ಬಿಯೊವುಲ್ಫ್ ಕವಿಯದು. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಕಾವ್ಯದ ಒಂದೇ ಒಂದು ಹಸ್ತಪ್ರತಿ ಉಳಿದಿದೆ, ಸುಮಾರು 1000ನೇ ಇಸವಿಯದು. 1731ರ ಬೆಂಕಿಯಲ್ಲಿ ಅಂಚು ಸುಟ್ಟು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗ್ರೆಂಡೆಲ್ ಅನ್ನೋ ರಾಕ್ಷಸ ಡೇನರ ರಾಜನ ಹಜಾರಕ್ಕೆ ರಾತ್ರಿ ನುಗ್ಗಿ ಜನರನ್ನು ತಿಂತಾನೆ. ಅವನು ಕಾಯಿನನ ಸಂತಾನ ಅಂತಾನೆ ಕವಿ. ಸತ್ಯವೇದ ಓದಿದವನ ಮಾತು ಅದು. ಬೇರೆ ನಾಡಿನ ಯುವಕ ಬಿಯೊವುಲ್ಫ್ ಬಂದು ಆಯುಧ ಇಲ್ಲದೇ ಬರಿಗೈಯಲ್ಲಿ ಅವನನ್ನು ಸೋಲಿಸ್ತಾನೆ. ಆಮೇಲೆ ತನ್ನ ನಾಡಿಗೆ ರಾಜನಾಗಿ ಐವತ್ತು ವರ್ಷ ಆಳ್ತಾನೆ. ಮುದುಕನಾದ ಮೇಲೆ ಒಂದು ಸರ್ಪ ನಾಡು ಸುಡೋಕೆ ಶುರು ಮಾಡುತ್ತೆ. ಎದುರಿಸೋಕೆ ಹೋಗ್ತಾನೆ. ಜೊತೆಗೆ ಹೋದವರಲ್ಲಿ ಹತ್ತು ಜನ ಕಾಡಿಗೆ ಓಡ್ತಾರೆ. ವಿಗ್ಲಾಫ್ ಅನ್ನೋ ಒಬ್ಬ ಹುಡುಗ ಮಾತ್ರ ಒಡೆಯನಿಂದ ಪಡೆದದ್ದು ನೆನೆಸಿಕೊಂಡು ನಿಲ್ತಾನೆ. ಸರ್ಪ ಸಾಯುತ್ತೆ, ರಾಜನೂ ಸಾಯ್ತಾನೆ. ಸರ್ಪ ಕಾಯ್ತಿದ್ದ ಚಿನ್ನವನ್ನೆಲ್ಲ ಅವನ ಜೊತೆ ಮತ್ತೆ ಮಣ್ಣಿಗೆ ಹಾಕ್ತಾರೆ. ಯಾರಿಗೂ ಉಪಯೋಗ ಇಲ್ಲ.

ಡೇನರು ಕಷ್ಟ ಬಂದಾಗ ವಿಗ್ರಹಗಳಿಗೆ ಹರಕೆ ಹೊತ್ತರು, ಅವರಿಗೆ ನಿಜವಾದ ದೇವರು ಗೊತ್ತಿರಲಿಲ್ಲ ಅಂತ ಕವಿ ನೊಂದುಕೊಂಡು ಹೇಳ್ತಾನೆ. ಸುಳ್ಳು ಹೇಳಲಿಲ್ಲ, ತನ್ನ ವೀರನಿಗೆ ಸುಮ್ಮನೆ ದೀಕ್ಷಾಸ್ನಾನ ಕೊಡಲಿಲ್ಲ. ಹಾಗಂತ ಅವನನ್ನು ತುಚ್ಛವಾಗಿಯೂ ಕಾಣಲಿಲ್ಲ. ಬಿಯೊವುಲ್ಫ್ ಸತ್ತಾಗ, ಅವನ ಆತ್ಮ ನೀತಿವಂತರ ತೀರ್ಪನ್ನು ಹುಡುಕಿ ಹೋಯ್ತು ಅನ್ನೋ ಅರ್ಥದ ಒಂದು ಮಾತು ಹೇಳಿ ನಿಲ್ಲಿಸ್ತಾನೆ. ಆ ಮಾತಿನ ಅರ್ಥ ಏನು ಅಂತ ಪಂಡಿತರು ಇವತ್ತಿಗೂ ವಾದ ಮಾಡ್ತಾರೆ. ನನಗೆ ಅನಿಸೋದು, ತೀರ್ಪಿನ ಬಾಗಿಲವರೆಗೆ ಕರ್ಕೊಂಡು ಹೋಗಿ, ಬಾಗಿಲು ತೆರೆಯೋ ಕೆಲಸವನ್ನು ದೇವರಿಗೆ ಬಿಟ್ಟ.

ನಾನು ರಕ್ಷಣೆ ಹೊಂದಿದ ಹೊಸದರಲ್ಲಿ ಪೂರ್ತಿ ಆಲ್ಕ್ವಿನ್ ಕಡೆ. ಅಷ್ಟಾಗಿದ್ದರೆ ಪರವಾಗಿಲ್ಲ. ಊರಿಗೆ ಹೋಗಿ, ನಮ್ಮೂರ ವೀರಗಲ್ಲಿನ ಮೇಲೆ ಚಪ್ಪಲಿ ಕಾಲಿಟ್ಟು ನಿಂತು ಸುವಾರ್ತೆ ಸಾರಿದೆ. "ಇದು ಕಲ್ಲು, ಇವನು ನರಕದಲ್ಲಿದ್ದಾನೆ" ಅಂತ ಕೂಗಿದೆ. ಅಪ್ಪ ಗುಂಪಿನ ಹಿಂದೆ ನಿಂತಿದ್ದರು. ಆಮೇಲೆ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ನಾನು ಅದನ್ನು ಹಿಂಸೆ ಅಂತ ಸಾಕ್ಷಿ ಹೇಳ್ಕೊಂಡು ತಿರುಗಿದೆ. ಈಗ ತಿಳಿಯುತ್ತೆ. ಅಣ್ಣನ ಹುಡುಗನಾಗಿದ್ದಾಗ ಯಾವ ರೋಷ ಇತ್ತೋ ಅದೇ ರೋಷ ಅದು. ಒಡೆಯನ ಹೆಸರು ಮಾತ್ರ ಬದಲಾಗಿತ್ತು. ರಾಡು ಕೈಯಿಂದ ನಾಲಿಗೆಗೆ ಬಂದಿತ್ತು.

ನೀರನ್ನು ಸುರಿದುಬಿಟ್ಟ ಅರಸ

ಈಗ ಸತ್ಯವೇದ ತೆಗೀರಿ. 2 ಸಮುವೇಲ 23. ಇದು ದಾವೀದನ ಪರಾಕ್ರಮಶಾಲಿಗಳ ಪಟ್ಟಿ. ಒಂದು ರೀತಿ ಇಸ್ರಾಯೇಲರ ವೀರಗಲ್ಲು ಅನ್ನಿ. ದಾವೀದ ಅದುಲ್ಲಾಮ್ ಗವಿಯಲ್ಲಿದ್ದಾನೆ. ಬೇತ್ಲೆಹೇಮಿನಲ್ಲಿ ಫಿಲಿಷ್ಟಿಯರ ಕಾವಲು. ಬಾಯಾರಿಕೆಯಲ್ಲಿ, ಊರ ಬಾಗಿಲ ಬಾವಿಯ ನೀರು ಯಾರಾದರೂ ತಂದುಕೊಟ್ಟರೆ ಎಷ್ಟು ಚೆನ್ನಾಗಿರುತ್ತೆ ಅಂದ. ಮೂವರು ಶತ್ರುಗಳ ದಂಡನ್ನು ಸೀಳಿ ಹೋಗಿ ನೀರು ಸೇದಿ ತಂದರು. ಜೋಳದ ಪಾಳಿ ಅಂದರೆ ಇದೇ. ಆದರೆ ದಾವೀದ ಕುಡಿಯಲಿಲ್ಲ. ಇದು ನೀರಲ್ಲ, ಪ್ರಾಣ ಒತ್ತೆ ಇಟ್ಟವರ ರಕ್ತ, ಇದನ್ನು ಕುಡಿಯೋ ಹಕ್ಕು ನನಗಿಲ್ಲ ಅಂತ ಯೆಹೋವನ ಮುಂದೆ ನೆಲಕ್ಕೆ ಸುರಿದ.

ಆ ದಿನ ದಾವೀದ ಒಳ್ಳೇ ಒಡೆಯ. ಯಾವಾಗಲೂ ಹಾಗಿರಲಿಲ್ಲ. ಅದೇ ಅಧ್ಯಾಯದ ಕೊನೇ ವಚನ ನೋಡಿ. ಪಟ್ಟಿಯ ಕಡೇ ಹೆಸರು ಯಾರದು? ಹಿತ್ತಿಯನಾದ ಊರೀಯ. ಅನ್ಯಜನಾಂಗದವನು. ಜೊತೆಯವರು ಬಯಲಲ್ಲಿ ಮಲಗಿರುವಾಗ ನಾನು ಮನೆಗೆ ಹೋಗಿ ಸುಖಪಡಲಾ ಅಂತ ಅರಮನೆಯ ಬಾಗಿಲಲ್ಲೇ ಮಲಗಿದವನು. ದಾವೀದ ಅವನ ಹೆಂಡತಿಯನ್ನು ತೆಗೆದುಕೊಂಡ. ಅವನ ಸಾವಿನ ಪತ್ರವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿದ. ಊರೀಯ ಅದನ್ನು ಬಿಚ್ಚಿ ನೋಡದೇ ತಗೊಂಡು ಹೋದ.

ಪ್ರಿಯರೇ, ನಿಷ್ಠೆಗೆ ಇರೋ ಅಪಾಯ ಇದೇ. ನಿಷ್ಠೆ ಒಳ್ಳೇದು. ಆದರೆ ಅದನ್ನು ಯಾರ ಕೈಗೆ ಕೊಡ್ತೀವೋ ಅವರು ಅದನ್ನು ಕುಡಿದುಬಿಡಬಹುದು. ಇನ್ನೊಂದು ಗಮನಿಸಿ. ದೇವರು ಊರೀಯನ ಹೆಸರನ್ನು ಅಳಿಸಲಿಲ್ಲ. ಪಟ್ಟಿಯಲ್ಲಿ ಇಟ್ಟರು. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ನಮ್ಮ ಕರ್ತನ ವಂಶಾವಳಿಯಲ್ಲೇ, ಅವನ ಹೆಸರು ಮತ್ತೆ ಬರುತ್ತೆ. ದೇವರ ಪುಸ್ತಕದಲ್ಲಿ ಅವನಿಗೆ ಮರ್ಯಾದೆ ಇದೆ. ತಾತನ ಪ್ರಶ್ನೆಗೆ ನನಗೆ ಮೊದಲ ಉತ್ತರ ಸಿಕ್ಕಿದ್ದು ಅಲ್ಲಿ.

ಲೆಕ್ಕ ತಿರುವುಮುರುವು ಆದ ದಿನ

ರೋಮಾಪುರದವರಿಗೆ 5ನೇ ಅಧ್ಯಾಯ, ಏಳನೇ ವಚನ. ಒಳ್ಳೆಯವನಿಗಾಗಿ ಸಾಯೋಕೆ ಒಬ್ಬ ಧೈರ್ಯ ಮಾಡಿದರೂ ಮಾಡಬಹುದು ಅಂತ ಪೌಲ ಒಪ್ಪಿಕೊಳ್ತಾನೆ. ಅಂಥ ವೀರರು ಲೋಕದಲ್ಲಿ ಇದ್ದಾರೆ ಅಂತ ವಾಕ್ಯವೇ ಹೇಳುತ್ತೆ. ಎಂಟನೇ ವಚನದಲ್ಲಿ ಲೆಕ್ಕ ಬದಲಾಗುತ್ತೆ. ನಾವು ಇನ್ನೂ ಪಾಪಿಗಳಾಗಿರುವಾಗಲೇ ಕ್ರಿಸ್ತನು ನಮಗಾಗಿ ಸತ್ತನು.

ಜೋಳದ ಪಾಳಿಯಲ್ಲಿ ಆಳು ಒಡೆಯನಿಗಾಗಿ ಸಾಯ್ತಾನೆ. ಶಿಲುಬೆಯಲ್ಲಿ ಒಡೆಯ ಆಳುಗಳಿಗಾಗಿ ಸತ್ತ. ಅದೂ ಎಂಥ ಆಳುಗಳು? ಅವತ್ತು ರಾತ್ರಿ ಅವನ ಮೇಜಿನಲ್ಲಿ ಕೂತು, ಅವನ ಕೈಯಿಂದ ರೊಟ್ಟಿ ತಿಂದು, ಕೆಲವೇ ತಾಸುಗಳಲ್ಲಿ ಎಲ್ಲರೂ ಓಡಿಹೋದರು. ಮಾರ್ಕ 14:50. ನಿಮ್ಮ ಜೊತೆ ಸಾಯೋಕೂ ಸಿದ್ಧ ಅಂದಿದ್ದ ಪೇತ್ರ ಬೆಂಕಿ ಕಾಯಿಸಿಕೊಳ್ತಾ, ಅವನು ಯಾರೋ ಗೊತ್ತಿಲ್ಲ ಅಂದ. ನಮ್ಮ ಅಣ್ಣ ಕೇಸಿನಲ್ಲಿ ಹೇಳಿದ ಅದೇ ಮಾತು.

ಆಂಗ್ಲೋ-ಸ್ಯಾಕ್ಸನರಲ್ಲೇ ಒಬ್ಬ ಕವಿಗೆ ಇದು ಹೊಳೆದಿತ್ತು. 'ಶಿಲುಬೆಯ ಕನಸು' ಅಂತ ಒಂದು ಕಾವ್ಯ ಇದೆ. ಅದರ ಕೆಲವು ಸಾಲುಗಳನ್ನು ಸ್ಕಾಟ್ಲೆಂಡಿನ ರುತ್‌ವೆಲ್‌ನಲ್ಲಿರೋ ಎಂಟನೇ ಶತಮಾನದ ಕಲ್ಲಿನ ಶಿಲುಬೆಯ ಮೇಲೆ ಕೆತ್ತಿದ್ದಾರೆ. ನೋಡಿ, ಅವರಲ್ಲೂ ಕಲ್ಲೇ. ಆ ಕಾವ್ಯದಲ್ಲಿ ಶಿಲುಬೆಯ ಮರವೇ ಮಾತಾಡುತ್ತೆ. ಯೇಸು ಯುವ ವೀರನ ಹಾಗೆ ಬಟ್ಟೆ ತೆಗೆದು, ಧೈರ್ಯದಿಂದ ತಾನಾಗಿ ಶಿಲುಬೆ ಏರ್ತಾನೆ. ಮರ ನಡುಗುತ್ತೆ. ಆ ಶತ್ರುಗಳ ಮೇಲೆ ಬಿದ್ದು ಎಲ್ಲರನ್ನೂ ಜಜ್ಜಿಹಾಕೋ ಶಕ್ತಿ ಅದಕ್ಕಿತ್ತು. ಆದರೆ ಒಡೆಯನ ಅಪ್ಪಣೆ ಇರಲಿಲ್ಲ. ಬಾಗಬಾರದು, ಹೊಡೆಯಬಾರದು, ಅಲ್ಲಾಡದೇ ನಿಂತು ಒಡೆಯನನ್ನು ಹೊತ್ತುಕೊಳ್ಳಬೇಕು. ಯೋಧನಿಗೆ ಇದಕ್ಕಿಂತ ಕಷ್ಟದ ಆಜ್ಞೆ ಇದೆಯಾ? ಗೆತ್ಸೇಮನೆಯಲ್ಲಿ ಪೇತ್ರನಿಗೂ ಇದೇ ಆಯ್ತು. ಮಲ್ಕನ ಕಿವಿ ಕತ್ತರಿಸಿದ, ಕರ್ತನು ಕತ್ತಿ ಒರೆಗೆ ಹಾಕು ಅಂದನು. ಹೊಡೆಯೋ ಧೈರ್ಯ ಪೇತ್ರನಲ್ಲಿತ್ತು. ಹೊಡೆಯದೇ ಪಕ್ಕದಲ್ಲಿ ನಿಲ್ಲೋ ಧೈರ್ಯ ಇರಲಿಲ್ಲ. ಅದಕ್ಕೇ ಓಡಿದ.

ಆಮೇಲೆ ಏನಾಯ್ತು? ಯೋಹಾನ 21. ಪುನರುತ್ಥಾನವಾದ ಕರ್ತನು ಸಮುದ್ರದ ದಡದಲ್ಲಿ ಇದ್ದಲಿನ ಬೆಂಕಿ ಹಾಕಿ, ಮೀನು ಸುಟ್ಟು, ಊಟಕ್ಕೆ ಬನ್ನಿ ಅಂತ ಕರೆದನು. ಓಡಿಹೋದವರಿಗೆ ಮತ್ತೆ ಅನ್ನ ಹಾಕಿದನು. ಲೆಕ್ಕ ಕೇಳಲಿಲ್ಲ, ನನ್ನನ್ನು ಪ್ರೀತಿಸ್ತೀಯಾ ಅಂತ ಕೇಳಿದನು. ಹಲ್ಲೆಲೂಯ!

ರಕ್ಷಣೆ ಹೊಂದಿ ಆರು ವರ್ಷ ಆದಮೇಲೆ ನಾನು ನನ್ನ ಗೆಳೆಯನನ್ನು ಹುಡುಕಿಕೊಂಡು ಹೋದೆ. ಅಲ್ಲಿವರೆಗೂ ಧೈರ್ಯ ಬಂದಿರಲಿಲ್ಲ. ಒಂದು ಟೀ ಅಂಗಡಿ ಇಟ್ಟಿದ್ದ. ಎಡಗೈಯಲ್ಲೇ ಟೀ ಎತ್ತಿ ಹೊಯ್ಯುತ್ತಿದ್ದ. ನಾನು ಅಳ್ತಾ, ಓಡಿಹೋದೆ ಕಣೋ, ಕ್ಷಮಿಸು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಗೊತ್ತು ಬಿಡೋ. ಮೊದ್ಲು ಟೀ ಕುಡಿ" ಅಂತ ಒಂದು ಲೋಟ ಮುಂದೆ ಇಟ್ಟ. ದುಡ್ಡು ತಗೊಳ್ಳಲಿಲ್ಲ. ಅವನು ಸಭೆಗೆ ಬರಲ್ಲ. ಅವನಿಗಾಗಿ ದಿನಾ ಪ್ರಾರ್ಥಿಸ್ತೀನಿ. ಆದರೆ ಆ ದಡದ ಊಟದ ರುಚಿ ಏನು ಅಂತ ನನಗೆ ಮೊದಲು ತಿಳಿದದ್ದು ಆ ಟೀಯಿಂದ.

ತಂಗಿಗೆ ಕೊಟ್ಟ ಉತ್ತರ

ಕೊನೆಗೆ ನಾನು ಅವಳಿಗೆ ಹೇಳಿದ್ದು ಇಷ್ಟು.

ದೀಪ ಇಡಬೇಡ. ಆರಾಧನೆ ಕರ್ತನೊಬ್ಬನಿಗೇ. ಇದರಲ್ಲಿ ಸಡಿಲ ಇಲ್ಲ. ಆದರೆ ಕಲ್ಲಿನ ಸುತ್ತ ಬೆಳೆದಿರೋ ಪಾರ್ಥೇನಿಯಂ ಕೀಳು. ಆ ಮನುಷ್ಯ ಏನು ಮಾಡಿದ ಅಂತ ತಾತನಿಂದ ಕೇಳಿ ಬರೆದಿಡು. ಅವನನ್ನು ಪ್ರೀತಿಸು. ಪಕ್ಕದವನಿಗಾಗಿ ಪ್ರಾಣ ಕೊಡೋ ಮನಸ್ಸು ಎಲ್ಲಿ ಕಂಡರೂ ಅದು ತನ್ನ ಸ್ವರೂಪದಲ್ಲಿ ಮನುಷ್ಯನನ್ನು ಉಂಟುಮಾಡಿದ ದೇವರ ಗುರುತು. ಅವನ ಆತ್ಮ ಎಲ್ಲಿದೆ ಅಂತ ತೀರ್ಪು ಕೊಡೋಕೆ ನಿನಗೂ ನನಗೂ ಕುರ್ಚಿ ಹಾಕಿಲ್ಲ. ಲೋಕಕ್ಕೆಲ್ಲ ನ್ಯಾಯ ತೀರಿಸುವಾತನು ನ್ಯಾಯವನ್ನೇ ಮಾಡ್ತಾನೆ ಅಂತ ಅಬ್ರಹಾಮನೇ ನಂಬಿದ, ಆದಿಕಾಂಡ 18. ಅಷ್ಟು ಸಾಕು. ಮತ್ತೆ ತಾತನಿಗೆ ಹೇಳು: "ತಾತ, ನಮ್ಮ ಕರ್ತನೂ ಹೀಗೇ ಸತ್ತೋನು. ತನ್ನನ್ನು ಬಿಟ್ಟು ಓಡಿದವರಿಗೋಸ್ಕರವೂ ಸತ್ತ."

ಅವಳು ಹೋಗಿ ಕಳೆ ಕಿತ್ತಳು. ತಾತ ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದರಂತೆ. ನಾನು ಹೇಳಿಕೊಟ್ಟ ಮಾತು ಅವಳು ಹೇಳಿದಳು. ತಾತ, "ಓಡಿದೋರಿಗೂನಾ?" ಅಂತ ಒಂದೇ ಮಾತು ಕೇಳಿದರಂತೆ. ಸಂಭಾಷಣೆ ಇನ್ನೂ ನಡೀತಿದೆ. ನೀವೂ ಪ್ರಾರ್ಥಿಸಿ.

ನಾನೂ ಅಪ್ಪನ ಹತ್ರ ಹೋಗಿ ಕ್ಷಮೆ ಕೇಳಿದೆ. ಅಪ್ಪ ಬಯ್ಯುತ್ತಾರೆ ಅಂದ್ಕೊಂಡಿದ್ದೆ. "ಚಪ್ಪಲಿ ಬಿಟ್ಟಾದ್ರೂ ನಿಂತ್ಕೋಬೇಕಿತ್ತು" ಅಂದರು, ಅಷ್ಟೇ.

ಯೌವನಸ್ಥರೇ, ನಿಮ್ಮೊಳಗೆ ನಿಷ್ಠೆ ಇದೆ. ಯಾರಿಗಾದರೂ ಅದನ್ನು ಕೊಟ್ಟೇ ಕೊಡ್ತೀರಿ. ನಿಮ್ಮ ರಾತ್ರಿ ಹಗಲು ಕುಡಿಯೋ ಕಂಪನಿಗೋ, ಬ್ಯಾನರಿನಲ್ಲಿ ನಿಮ್ಮ ಫೋಟೋ ಹಾಕಿಸೋ ಅಣ್ಣನಿಗೋ, ಫಾಲೋವರ್‌ಗಳಿಗೋ. ಬೇರೆ ಸಭೆಯ ಮಾತು ಬೇಡ, ನನ್ನ ಮಾತೇ ಹೇಳ್ತೀನಿ. ನನಗೂ ಕೊಡಬೇಡಿ. ಪಾಸ್ಟರ್ ಹೇಳಿದರು ಅಂತ ಓದು ಬಿಟ್ಟು, ಅಪ್ಪ ಅಮ್ಮನನ್ನು ಬಿಟ್ಟು ಓಡಿಬರಬೇಡಿ. ನೀವು ತಂದ ನೀರನ್ನು ನಾನು ಕುಡಿಯೋದು ಕಂಡರೆ ಎದ್ದು ನಿಂತು ಕೇಳಿ. ಯಾವ ಒಡೆಯನಾದ್ರೂ ಒಂದೇ ಪರೀಕ್ಷೆ: ಅವನು ನಿಮಗಾಗಿ ಏನು ಕೊಟ್ಟಿದ್ದಾನೆ? ನೀವು ಓಡಿಹೋದ ಮರುದಿನ ಅವನು ಏನು ಮಾಡ್ತಾನೆ?

ಇಲ್ಲಿ ಯಾರಾದರೂ ಓಡಿಹೋದವರು ಇದ್ದೀರಾ? ಗೆಳೆಯನನ್ನು ಬಿಟ್ಟು, ಕೊಟ್ಟ ಮಾತು ಬಿಟ್ಟು, ಕರ್ತನನ್ನೇ ಬಿಟ್ಟು? ಕಣ್ಣು ಮುಚ್ಚಿ. ದಡದಲ್ಲಿ ಬೆಂಕಿ ಉರೀತಿದೆ. ಊಟ ಸಿದ್ಧ ಇದೆ.

ಪ್ರಾರ್ಥಿಸೋಣ. ಕರ್ತನೇ, ನಾವು ನಿನ್ನ ರೊಟ್ಟಿ ತಿಂದು ಓಡಿದವರು. ನಮ್ಮನ್ನು ಕ್ಷಮಿಸು. ಹೊಡೆಯದೇ ನಿಲ್ಲೋ ಧೈರ್ಯ ಕೊಡು. ನಿನ್ನನ್ನು ತಿಳಿಯದ ನಮ್ಮ ಹಿರಿಯರನ್ನು ಗೌರವದಿಂದ ಕಾಣೋ ಕಣ್ಣು ಕೊಡು. ಅವರ ಮುಂದೆ ನಿನ್ನನ್ನು ನಾಚಿಕೆಯಿಲ್ಲದೇ, ಗರ್ವವಿಲ್ಲದೇ ಹೇಳೋ ನಾಲಿಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.